ಗುರುತಿಲ್ಲದ ಕೈ

ಚಿಕ್ಕಬಳ್ಳಾಪುರದ ಆಸ್ಪತ್ರೆ, ಮೂರನೇ ಮಹಡಿ,
ದಿನ ತುಂಬದೆ ಹುಟ್ಟಿದವರ ವಾರ್ಡು.
ಬಾಗಿಲ ಹೊರಗೆ, ಸ್ಯಾನಿಟೈಜರ್ ಬಾಟಲಿಯ ನೆತ್ತಿಗೆ
ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ಕೂರಿಸಿ ಹೋದರು.
ಕೈ ಒಡ್ಡಿದರೆ ಹಸಿರು.
ಒಡ್ಡದೆ ಒಳಗೆ ಕಾಲಿಟ್ಟರೆ ಕೆಂಪು,
ಜೊತೆಗೊಂದು ದನಿ, ಹಲ್ಲಿ ಲೊಚಗುಟ್ಟಿದ ಹಾಗೆ.
ನೆಲ ಕುಟ್ಟುವುದಿಲ್ಲ ನಾವು. ಹಿಂದಕ್ಕೆ ಹೋಗುತ್ತೇವೆ.

ಕೊರಳಿಗೆ ಬ್ಯಾಡ್ಜು. ನಾನು ಹದಿನೇಳು.
ತಿಂಗಳ ಕೊನೆಗೆ ಸಲೋಮಿ ಸಿಸ್ಟರ್ ಗೋಡೆಗೆ ಹಾಳೆ ಅಂಟಿಸುತ್ತಾರೆ,
ಹೆಸರಿಲ್ಲ, ನಂಬರು ಮಾತ್ರ.
ಆದರೂ ನಲವತ್ತೊಂದು ಪರ್ಸೆಂಟಿನ ನಾಲ್ಕನೇ ನಂಬರು ಯಾರೆಂದು
ಕ್ಯಾಂಟೀನಿನ ಚಿತ್ರಾನ್ನದವನಿಗೂ ಗೊತ್ತು.
ದೊಡ್ಡ ಡಾಕ್ಟರು ಈಗ ರೌಂಡ್ಸಿಗೆ
ಪಂಚೆ ಎತ್ತಿ ಕೆಸರು ದಾಟುವವರ ಹಾಗೆ
ತೋಳು ಮಡಚಿಕೊಂಡೇ ಬರುತ್ತಾರೆ.
ಇಪ್ಪತ್ತು ವರ್ಷ ಸಲೋಮಿ ನುಂಗಿಕೊಂಡಿದ್ದ ಮಾತು,
ಡಬ್ಬಿ ಮೂರು ವಾರದಲ್ಲಿ ಆಡಿತು.

ನನ್ನದು ತೊಂಬತ್ತಾರು.
ಅದರ ಕಥೆ ಬೇರೆ.

ಹಾಳೆಯ ಕೊನೆಯ ಸಾಲು: ಗುರುತಿಲ್ಲದ್ದು.
ಬ್ಯಾಡ್ಜಿಲ್ಲದ ಕೈ. ಇನ್ನೂರ ಹನ್ನೆರಡು ಸಲ,
ಹೆಚ್ಚಿನವು ರಾತ್ರಿ ಎರಡರಿಂದ ನಾಲ್ಕರೊಳಗೆ.
ಕಂಪನಿಯ ಹುಡುಗ ಲ್ಯಾಪ್‌ಟಾಪ್ ತೆರೆದು
"ಸೊಳ್ಳೆಯೋ ಏನೋ ಸಿಸ್ಟರ್, ಅಳಿಸಿಬಿಡ್ತೀನಿ" ಅಂದ.

ಸೊಳ್ಳೆ!
ಗಂಗುಲಮ್ಮ ಅವಳು, ಬಾಗೇಪಲ್ಲಿ ಕಡೆಯವಳು,
ನಾಲ್ಕನೇ ತೊಟ್ಟಿಲ ಮಗುವಿನ ಅಜ್ಜಿ.
ಮಗು ಒಂದು ಸೇರು ರಾಗಿಯಷ್ಟೂ ತೂಗುವುದಿಲ್ಲ.
ಅಜ್ಜಿಯನ್ನು ಒಳಗೆ ಬಿಡುವಂತಿಲ್ಲ, ಗಾಜಿನಾಚೆಯೇ ನಿಲ್ಲಬೇಕು.
ನಿಲ್ಲುವ ಮುಂಚೆ ಡಬ್ಬಿಯಡಿ ಕೈ ಒಡ್ಡುತ್ತಾಳೆ,
ಬೆಳಕು ಬರುವತನಕ ಉಸಿರು ಹಿಡಿದು,
ಬಂದ ಮೇಲೆ ಬಿಟ್ಟು.
ಕೆಳಗೆ ಕಾಂಪೌಂಡ್ ಗೋಡೆಗೆ ಯಾರೋ ಬರೆಸಿದ್ದಾರೆ:
ಹಸಿರೇ ಉಸಿರು.
ಅವಳಿಗೆ ಕನ್ನಡ ಓದಲು ಬಾರದು, ತೆಲುಗೂ.
ಯಾರಾದರೂ ಓದಿ ಹೇಳಿದರೋ, ತಾನೇ ಕಟ್ಟಿಕೊಂಡಳೋ,
ಅವಳ ಲೆಕ್ಕದಲ್ಲಿ ಆ ದೀಪ ಮಗುವಿನದು.
ಇತ್ತ ಒಂದು ಹಸಿರು, ಅತ್ತ ಒಂದು ಉಸಿರು.
ತಿದ್ದುವಷ್ಟು ತೆಲುಗು ನನಗೆ ಬರುತ್ತದೆ.
ತಿದ್ದಲಿಲ್ಲ.

ಆ ಶುಕ್ರವಾರ, ರಾತ್ರಿ ಮೂರಕ್ಕೆ, ಗಾಜು ತಟ್ಟಿದಳು,
ತಟ್ಟಬಾರದೆಂದು ಗೊತ್ತಿದ್ದೂ.
"ಅಮ್ಮಯ್ಯಾ, ಲೈಟು ವಚ್ಚಿಂದಿ. ನೀಳ್ಳು ರಾಲೇದು."
ಬೆಳಕು ಬಂತು, ನೀರು ಬರಲಿಲ್ಲ.
ಬೋರಿನ ಪೈಪು ಬರೀ ಗಾಳಿ ಉಗುಳುವುದನ್ನು
ಕಂಡ ಊರಿನವಳು, ಅವಳಿಗೆ ತಟ್ಟನೆ ತಿಳಿಯಿತು.

ಬಾಟಲಿ ಅಲ್ಲಾಡಿಸಿದೆ, ಈಗಷ್ಟೇ ಕಂಡವಳ ಹಾಗೆ.
ನಿದ್ದೆಗಣ್ಣಿನ ಕೈಗೆ ಒದ್ದೆ ಒಣ ಗೊತ್ತಾಗದು ಅನ್ನಬಹುದಿತ್ತು.
ಸುಳ್ಳು. ಗೊತ್ತಿತ್ತು, ಹನ್ನೆರಡು ಗಂಟೆಯಿಂದ.
ಹೊಸ ಬಾಟಲಿ ಕೆಳಗಿನ ಸ್ಟೋರಿನಲ್ಲಿ, ಬೀಗದ ಕೈ ಬಾಷಾನ ಬಳಿ,
ಹನ್ನೊಂದು ಮಕ್ಕಳಿಗೆ ನಾನೊಬ್ಬಳು.
ಒಣಗೈ ಒಡ್ಡಿದೆ, ಒಣಗೈ ಉಜ್ಜಿದೆ, ಮುಟ್ಟಿದೆ.
ಎಷ್ಟು ಸಲ? ಡಬ್ಬಿ ಬರೆದಿಟ್ಟಿದೆ: ಹದಿನಾಲ್ಕು.
ಹದಿನಾಲ್ಕಕ್ಕೂ ಹಸಿರು.

ಗಂಗುಲಮ್ಮನೇ ಮೂರು ಮಹಡಿ ಇಳಿದು
ಬಾಷಾನನ್ನು ಎಬ್ಬಿಸಿ, ಬೈಸಿಕೊಂಡು,
ಸೆರಗಲ್ಲಿ ಸುತ್ತಿ ಬಾಟಲಿ ತಂದಳು.

ಸೋಮವಾರ ಏಳನೇ ತೊಟ್ಟಿಲಿಗೆ ಜ್ವರ.
ನನ್ನಿಂದಲೋ ಅಲ್ಲವೋ, ಯಾವ ಹಾಳೆಯಲ್ಲೂ ಇಲ್ಲ.
ಗುರುವಾರ ಇಳಿಯಿತು.
ಸಲೋಮಿಗೆ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ,
ಪೆನ್ನು ತೆಗೆದು ತೊಂಬತ್ತಾರರ ಮೇಲೆ ಗೀಟು ಎಳೆದರು,
ಪಕ್ಕದಲ್ಲಿ ಏನೂ ಬರೆಯದೆ.
ಹುಡುಗನಿಗೆ ಮಾತ್ರ ಅಂದರು: "ಆ ಕೊನೇ ಸಾಲು ಇರಲಿ."

ನಿನ್ನೆ ರಾತ್ರಿ, ಬ್ಯಾಡ್ಜನ್ನು ಡ್ಯೂಟಿ ರೂಮಿನ ಮೊಳೆಗೆ ಬಿಟ್ಟು
ಅವಳ ಹಿಂದೆ ಹೋಗಿ ನಿಂತೆ.
ಅವಳದಾಯಿತು. ಆಮೇಲೆ ನನ್ನದು.
ತಣ್ಣಗೆ ಬಿತ್ತು ಅಂಗೈಗೆ,
ಬೆರಳ ಸಂದಿಯ ಬಿರುಕಿಗೆ ಇಳಿದು
ಚುರ್ ಅಂದಿತು.